ಕುಂಬಳದ ಕಾಲಕ್ಕೆ ನಾಯಿಗೂ ಒಂದು ಬಿಸ್ಕತ್ತು

ಶರತ್ಕಾಲ ಬಂದರೆ ಸಿಹಿಗುಂಬಳ, ಸೇಬು, ಗೆಣಸು ಎಲ್ಲವೂ ಒಟ್ಟಿಗೇ ಅಡುಗೆಮನೆಗೆ ಬರುತ್ತವೆ. ಓವನ್ ಬಿಸಿಯಾದ ಐದೇ ನಿಮಿಷಕ್ಕೆ ಬಾಗಿಲ ಹತ್ತಿರ ಒಂದು ಒದ್ದೆ ಮೂಗು ಹಾಜರ್. ನಮ್ಮ ಗುಂಡನದು. ಅವನ ಮುಖ ನೋಡಿಕೊಂಡು ನಮಗೆ ಮಾತ್ರ ಬಿಸ್ಕತ್ತು ಬೇಯಿಸಿಕೊಳ್ಳುವಷ್ಟು ಗಟ್ಟಿ ಮನಸ್ಸು ನನ್ನದಲ್ಲ.

ಮೊದಲ ಸಲ ನಾನು ಮಾಡಿದ್ದು ಸೋಮಾರಿ ಲೆಕ್ಕ. ನಾವು ತಿನ್ನುವ ಕುಂಬಳದ ಬಿಸ್ಕತ್ತನ್ನೇ ಸ್ವಲ್ಪ ತಿದ್ದಿದರೆ ಸಾಕು ಅಂದುಕೊಂಡೆ. ಸಕ್ಕರೆ ಬಿಟ್ಟೆ, ಉಪ್ಪು ಬಿಟ್ಟೆ. ಜಾಯಿಕಾಯಿ ಡಬ್ಬಿ ಕೈಗೆತ್ತಿಕೊಂಡಾಗ ಯಾಕೋ ಅನುಮಾನ ಬಂದು ಸುಮ್ನೆ ಓದಿ ನೋಡಿದೆ. ನೋಡಿದ್ದು ಒಳ್ಳೆಯದೇ ಆಯ್ತು. ಜಾಯಿಕಾಯಿಯಲ್ಲಿರುವ ಮಿರಿಸ್ಟಿಸಿನ್ ನಾಯಿಗೆ ವಿಷ. ಜಾಸ್ತಿ ಹೊಟ್ಟೆಗೆ ಹೋದರೆ ಎದೆಬಡಿತ ಏರುತ್ತದೆ, ದಿಕ್ಕು ತಪ್ಪಿದಂತೆ ಆಡುತ್ತವೆ, ಫಿಟ್ಸ್ ಕೂಡ ಬರಬಹುದು. ಕುಂಬಳದ ತಿಂಡಿಗೆ ಹಾಕುವ ರೆಡಿಮೇಡ್ ಮಸಾಲೆ ಪುಡಿಗಳಲ್ಲಿ ಇದು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಅವತ್ತು ಒಂದು ವಿಷಯ ತಲೆಗೆ ಹೋಯಿತು. ನಾಯಿ ಬಿಸ್ಕತ್ತಿನಲ್ಲಿ ಹಾಕುವುದಕ್ಕಿಂತ ತೆಗೆಯುವ ಕೆಲಸವೇ ಜಾಸ್ತಿ. ಸಕ್ಕರೆ, ಉಪ್ಪು, ಮಸಾಲೆ ತೆಗೆಯಬೇಕು. ಆಮೇಲೆ ನೀರು ತೆಗೆಯಬೇಕು. ಕಷ್ಟ ಇರುವುದು ನೀರಿನಲ್ಲೇ, ಅದಕ್ಕೆ ಆಮೇಲೆ ಬರುತ್ತೇನೆ. ರುಚಿಯ ಚಿಂತೆ ಬೇಡ. ನಮ್ಮ ನಾಲಿಗೆಯಲ್ಲಿ ಸುಮಾರು 9,000 ರುಚಿಮೊಗ್ಗುಗಳಿದ್ದರೆ ನಾಯಿಗೆ ಇರುವುದು ಸುಮಾರು 1,700. ಅದು ಊಟ ಮಾಡುವುದೇ ಮೂಗಿನಿಂದ, ಅಲ್ವಾ? ಬೆಂದ ಕುಂಬಳ, ಮೊಟ್ಟೆ, ಕಡಲೆಕಾಯಿಯ ವಾಸನೆಯೇ ಅದಕ್ಕೆ ಹಬ್ಬ.

ಮೊದಲು ಡಬ್ಬಿಗಳನ್ನು ಓದಿ

ಓವನ್ ಹಚ್ಚುವ ಮೊದಲೇ ಪೀನಟ್ ಬಟರ್ ಡಬ್ಬಿ ತಿರುಗಿಸಿ ನೋಡಿ. ಕೆಲವು ಬ್ರ್ಯಾಂಡ್‌ಗಳಲ್ಲಿ ಸಕ್ಕರೆಯ ಬದಲು ಕ್ಸೈಲಿಟಾಲ್ ಹಾಕಿರುತ್ತಾರೆ. ಲೇಬಲ್ ಮೇಲೆ ಅದು ಬರ್ಚ್ ಶುಗರ್ ಅಂತಲೋ ಇ967 ಅಂತಲೋ ಬೇರೆ ವೇಷದಲ್ಲೂ ಇರಬಹುದು. ನಮಗೆ ಅದರಿಂದ ತೊಂದರೆ ಇಲ್ಲ. ನಾಯಿಯ ದೇಹ ಮಾತ್ರ ಅದನ್ನು ಸಕ್ಕರೆ ಎಂದೇ ತಿಳಿದು ಒಮ್ಮೆಲೇ ಇನ್ಸುಲಿನ್ ಸುರಿಸುತ್ತದೆ. ರಕ್ತದ ಸಕ್ಕರೆ ಅರ್ಧ ಗಂಟೆಯೊಳಗೇ ಕುಸಿಯಬಹುದು. ಲಿವರ್ ಕೂಡ ಕೆಡಬಹುದು. ಕಡಲೆಕಾಯಿ ಬಿಟ್ಟು ಬೇರೇನೂ ಇಲ್ಲದ ಪೀನಟ್ ಬಟರ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅನುಮಾನ ಇದ್ದರೆ ಆ ಡಬ್ಬಿ ಬೇಡವೇ ಬೇಡ.

ಡಬ್ಬಿಯ ಕುಂಬಳ ಬಳಸುವವರಿಗೂ ಇದೇ ಮಾತು. ಬರೀ ಕುಂಬಳದ ತಿರುಳು ಇರುವ ಡಬ್ಬಿ ಆಗುತ್ತದೆ. ಪೈ ಮಾಡಲೆಂದು ಸಕ್ಕರೆ, ಮಸಾಲೆ ಬೆರೆಸಿಟ್ಟ ಡಬ್ಬಿ ಆಗುವುದಿಲ್ಲ. ಎರಡೂ ನೋಡಲು ಅಣ್ಣತಮ್ಮಂದಿರ ಹಾಗೆ ಇರುತ್ತವೆ, ಹುಷಾರು.

ಒಣದ್ರಾಕ್ಷಿ, ದ್ರಾಕ್ಷಿ, ಚಾಕೊಲೇಟ್, ಮಕಡೇಮಿಯಾ ಬೀಜ, ಈರುಳ್ಳಿ, ಬೆಳ್ಳುಳ್ಳಿ ಇವುಗಳಲ್ಲಿ ಯಾವುದೂ ಬಿಸ್ಕತ್ತಿಗೆ ಬೇಡ. ಒಣದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಹಾಳುಮಾಡಬಹುದು. ಎಷ್ಟು ತಿಂದರೆ ಅಪಾಯ ಅನ್ನುವುದು ಒಂದೊಂದು ನಾಯಿಗೆ ಒಂದೊಂದು ಥರ. ಹಾಗಾಗಿ ನಿಮಗೋಸ್ಕರ ಕೇಕ್ ಮಾಡುವಾಗ ನೆಲಕ್ಕೆ ಬಿದ್ದ ನಾಲ್ಕು ಕಾಳನ್ನೂ ಕೂಡಲೇ ಎತ್ತಿ. ಇಂಥದ್ದೇನಾದರೂ ತಿಂದುಬಿಟ್ಟರೆ ಲಕ್ಷಣ ಕಾಣಲಿ ಎಂದು ಕಾಯಬೇಡಿ, ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದಂತೂ ಖಂಡಿತ ಬೇಡ. ಆ ಉಪ್ಪೇ ಇನ್ನೊಂದು ವಿಷವಾಗುತ್ತದೆ.

ಬೇಕಾಗುವುದು

ಸೋಸಿದ ಸಿಹಿಗುಂಬಳದ ತಿರುಳು 160 ಗ್ರಾಂ
ಮೊಟ್ಟೆ 2
ಪೀನಟ್ ಬಟರ್ 3 ದೊಡ್ಡ ಚಮಚ
ಗೋಧಿ ಹಿಟ್ಟು 320 ಗ್ರಾಂ, ಲಟ್ಟಿಸಲು ಇನ್ನೊಂದು ಹಿಡಿ

ಇಷ್ಟೇ. ಬೇಕಿಂಗ್ ಪೌಡರ್, ಸೋಡಾ, ಯೀಸ್ಟ್ ಏನೂ ಬೇಡ. ಇದು ಉಬ್ಬಬೇಕಾದ ತಿಂಡಿ ಅಲ್ಲ.

ಹಂತ 1: ಕುಂಬಳದ ನೀರು ಇಳಿಸುವುದು

ನೀರಿನ ಕಥೆ ಇಲ್ಲಿಂದ ಶುರು. ಕುಂಬಳದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಬೇಯಿಸಿ ಹಾಗೇ ಹಿಟ್ಟಿಗೆ ಹಾಕಿದರೆ ಕಣಕ ಕೈಗೆ ಅಂಟುತ್ತದೆ. ಅಂಟು ಹೋಗಲಿ ಎಂದು ಇನ್ನಷ್ಟು ಹಿಟ್ಟು ಸುರಿಯುತ್ತೀರಿ. ಕೊನೆಗೆ ಸಿಗುವುದು ಬರೀ ಗೋಧಿಯ ಬಿಸ್ಕತ್ತು, ಕುಂಬಳ ಬಣ್ಣಕ್ಕೆ ಮಾತ್ರ.

ಅದಕ್ಕೇ ನಾನು ಕುಂಬಳವನ್ನು ನೀರಿನಲ್ಲಿ ಬೇಯಿಸುವುದು ಬಿಟ್ಟಿದ್ದೇನೆ. ಸಿಪ್ಪೆ, ಬೀಜ ತೆಗೆದು ದೊಡ್ಡ ತುಂಡು ಮಾಡಿ, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 40 ನಿಮಿಷ ಓವನ್‌ನಲ್ಲೇ ಸುಡುತ್ತೇನೆ. ಎಣ್ಣೆ ಬೇಡ. ಅಂಚು ಸ್ವಲ್ಪ ಕಂದಾಗಿ, ಚಾಕು ಸಲೀಸಾಗಿ ಒಳಗೆ ಹೋದರೆ ಬೆಂದಿದೆ. ಅದನ್ನು ಮಸೆದು ತೆಳು ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ತೂಗುಹಾಕಿ. ಚಮಚದಲ್ಲಿ ತೆಗೆದು ತಿರುಗಿಸಿದರೆ ಬೀಳದೆ ನಿಲ್ಲಬೇಕು, ಅಷ್ಟು ಗಟ್ಟಿ.

ಬಟ್ಟೆಗೆ ಕಟ್ಟುವ ಮೊದಲು ಚೂರು ನೀವೇ ಬಾಯಿಗೆ ಹಾಕಿಕೊಳ್ಳಿ. ಅಪರೂಪಕ್ಕೆ ಕಹಿ ಕುಂಬಳ ಸಿಗುತ್ತದೆ. ಕಹಿ ಎಂದರೆ ಕುಕುರ್ಬಿಟಾಸಿನ್ ಇದೆ ಎಂದರ್ಥ. ಅದು ಮನುಷ್ಯರಿಗೂ ನಾಯಿಗೂ ಒಳ್ಳೆಯದಲ್ಲ, ಬೇಯಿಸಿದರೂ ಹೋಗುವುದಿಲ್ಲ. ಆ ಕುಂಬಳ ಕಸದ ಬುಟ್ಟಿಗೆ.

ಹಂತ 2: ಕಲಸುವುದು, ಲಟ್ಟಿಸುವುದು

ಕುಂಬಳ, ಮೊಟ್ಟೆ, ಪೀನಟ್ ಬಟರ್ ಮೂರನ್ನೂ ಚೆನ್ನಾಗಿ ಕದಡಿ. ಹಿಟ್ಟನ್ನು ಮೂರು ಕಂತಿನಲ್ಲಿ ಸೇರಿಸಿ. ಪೂರಿ ಹಿಟ್ಟಿನಷ್ಟು ಗಟ್ಟಿಯಾದರೆ ಸರಿ. ಹತ್ತು ನಿಮಿಷ ಮುಚ್ಚಿಡಿ, ಲಟ್ಟಿಸಲು ಸುಲಭ. ಪಾತ್ರೆ ನೆಕ್ಕಲು ನಾಯಿಗೆ ಕೊಡಬೇಡಿ. ಹಸಿ ಹಿಟ್ಟು, ಹಸಿ ಮೊಟ್ಟೆ ಎರಡರಲ್ಲೂ ಬ್ಯಾಕ್ಟೀರಿಯಾ ಇರಬಹುದು. (ಇದು ಯೀಸ್ಟ್ ಹಾಕಿದ ಬ್ರೆಡ್ ಹಿಟ್ಟಾಗಿದ್ದರೆ ವಿಷಯ ಇನ್ನೂ ಗಂಭೀರ. ಅದು ಹೊಟ್ಟೆಯೊಳಗೇ ಉಬ್ಬಿ ಆಲ್ಕೋಹಾಲ್ ಬಿಡುತ್ತದೆ.)

ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ. ಮೂಳೆ ಆಕಾರದ ಅಚ್ಚು ಇದ್ದರೆ ಬಳಸಿ, ಫೋಟೊ ಚೆನ್ನಾಗಿ ಬರುತ್ತದೆ. ನಾನು ಈಗ ಚಾಕುವಿನಲ್ಲಿ ಮೂರೂವರೆ ಸೆಂಟಿಮೀಟರಿನ ಚೌಕ ಕತ್ತರಿಸುತ್ತೇನೆ. ತುಂಡು ಉಳಿಯುವುದಿಲ್ಲ, ಮತ್ತೆ ಮತ್ತೆ ಲಟ್ಟಿಸುವ ಗೋಳಿಲ್ಲ. ಗುಂಡ ಇದುವರೆಗೆ ಆಕಾರದ ಬಗ್ಗೆ ದೂರು ಕೊಟ್ಟಿಲ್ಲ. ಪುಟ್ಟ ನಾಯಿಯಾದರೆ ಇದರ ಅರ್ಧ ಸಾಕು. ಮೂರೂವರೆ ಸೆಂಟಿಮೀಟರಿನ ಚೌಕವಾದರೆ ಸುಮಾರು 90 ಬಿಸ್ಕತ್ತು ಬರುತ್ತವೆ.

ಹಂತ 3: ಎರಡು ಸಲ ಒಣಗಿಸುವುದು

ಓವನ್ 175 ಡಿಗ್ರಿ. ಬೇಕಿಂಗ್ ಪೇಪರ್ ಮೇಲೆ ಹರಡಿ, 15 ನಿಮಿಷಕ್ಕೆ ಮಗುಚಿ, ಇನ್ನೂ 15 ನಿಮಿಷ. ಅಂಚು ಕಂದಾಗಿರುತ್ತದೆ, ಮನೆಯೆಲ್ಲ ಘಮ. ಇಲ್ಲಿಗೆ ಮುಗಿಯಿತು ಅಂತ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಮೊದಲ ಸಲ ಬಿಸಿಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿಟ್ಟೆ. ಮೂರನೆಯ ದಿನ ತೆಗೆದರೆ ಬಿಸ್ಕತ್ತಿನ ಮೇಲೆ ಬಿಳಿ ತುಪ್ಪಳ. ಇಡೀ ಡಬ್ಬಿ ಬಿಸಾಡಬೇಕಾಯಿತು. ಬೂಸ್ಟು ಬಂದ ತಿಂಡಿಯನ್ನು ಕೆರೆದು ಕೊಡುವುದೂ ತಪ್ಪು, ಕೆಲವು ಬೂಸ್ಟುಗಳ ವಿಷಕ್ಕೆ ನಾಯಿ ನಡುಗಿಹೋಗುತ್ತದೆ.

ಆಗಿದ್ದು ಇಷ್ಟೇ. ಹೊರಗೆ ಗರಿಗರಿ ಇದ್ದರೂ ನಡುವೆ ಕುಂಬಳದ ನೀರು ಹಾಗೇ ಕೂತಿತ್ತು. ಹಾಗಾಗಿ ಬೆಂದ ಮೇಲೆ ಓವನ್ ಆರಿಸಿ, ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ, ಒಂದು ಗಂಟೆ ಒಳಗೇ ಬಿಡಿ. ಆವಿ ಆ ಸಂದಿಯಿಂದ ಹೊರಗೆ ಹೋಗುತ್ತದೆ. ಆಮೇಲೆ ಒಂದನ್ನು ಮುರಿದು ನೋಡಿ. ಟಕ್ ಎಂದು ಮುರಿಯಬೇಕು, ನಡು ಬಗ್ಗಬಾರದು. ಬಗ್ಗಿದರೆ 120 ಡಿಗ್ರಿಯಲ್ಲಿ ಇನ್ನೂ 20 ನಿಮಿಷ. ಹಾಗಂತ ಕಲ್ಲು ಮಾಡಬೇಡಿ. ನಿಮ್ಮ ಕೈಯಲ್ಲಿ ಮುರಿಯಲಾಗದ್ದು ನಾಯಿಯ ಹಲ್ಲಿಗೂ ಕಷ್ಟ.

ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಒಂದು ವಾರಕ್ಕೆ ಬೇಕಾದಷ್ಟು ಫ್ರಿಜ್‌ನಲ್ಲಿ, ಉಳಿದದ್ದು ಫ್ರೀಜರ್‌ನಲ್ಲಿ. ಫ್ರೀಜರ್‌ನಲ್ಲಿ ಮೂರು ತಿಂಗಳು ಇರುತ್ತದೆ.

ಹಲ್ಲಿಲ್ಲದವರಿಗೆ ಸೇಬು

ಮುದಿ ನಾಯಿಗೆ ಗಟ್ಟಿ ಬಿಸ್ಕತ್ತು ಶಿಕ್ಷೆ. ಗೋಧಿ ಆಗದ ನಾಯಿಗಳೂ ಇವೆ. ಅವಕ್ಕೆ 150 ಗ್ರಾಂ ಓಟ್ಸ್ ಪುಡಿ ಮಾಡಿ, ಒಂದು ತುರಿದ ಸೇಬು, ಒಂದು ಮೊಟ್ಟೆ ಸೇರಿಸಿ ಹತ್ತು ನಿಮಿಷ ನೆನೆಯಲು ಬಿಡಿ. ಚಿಕ್ಕ ಉಂಡೆ ಮಾಡಿ ಅಂಗೈಯಲ್ಲಿ ತಟ್ಟಿ 175 ಡಿಗ್ರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಇದು ಮೆತ್ತಗೇ ಇರುತ್ತದೆ, ಹಾಗಾಗಿ ಫ್ರಿಜ್‌ನಲ್ಲಿ ನಾಲ್ಕು ದಿನ ಅಷ್ಟೆ. ಸೇಬಿನ ಬೀಜ ಮಾತ್ರ ಒಂದೂ ಬೇಡ. ಅದನ್ನು ಅಗಿದಾಗ ಸಯನೈಡ್ ಹುಟ್ಟುತ್ತದೆ. ಒಂದೆರಡು ಬೀಜಕ್ಕೆ ಏನೂ ಆಗದು ನಿಜ, ಆದರೆ ನಡುವಿನ ಗಟ್ಟಿ ಭಾಗ ಗಂಟಲಲ್ಲೂ ಸಿಕ್ಕಿಕೊಳ್ಳಬಹುದು. ಎರಡನ್ನೂ ಒಟ್ಟಿಗೇ ಕತ್ತರಿಸಿ ತೆಗೆದರೆ ಆಯ್ತು.

ಎಷ್ಟು ಕೊಡಬೇಕು?

ದಿನದ ಒಟ್ಟು ಕ್ಯಾಲರಿಯಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಇಂಥ ತಿಂಡಿಯಿಂದ ಬರಲಿ ಎನ್ನುವುದು ಪಶುವೈದ್ಯರ ಸಾಮಾನ್ಯ ಲೆಕ್ಕ. 10 ಕಿಲೋ ತೂಕದ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಪೂರ್ತಿ ಬೆಳೆದ ನಾಯಿಗೆ ದಿನಕ್ಕೆ ಸುಮಾರು 630 ಕಿಲೋಕ್ಯಾಲರಿ ಬೇಕು. ಅದರಲ್ಲಿ ತಿಂಡಿಯ ಪಾಲು 60ರ ಆಸುಪಾಸು. ನಮ್ಮ ಕುಂಬಳದ ಬಿಸ್ಕತ್ತು ಒಂದಕ್ಕೆ ಸುಮಾರು 17. ಅಂದರೆ ದಿನಕ್ಕೆ ಮೂರು, ಅದೂ ಬೇರೆ ತಿಂಡಿ ಏನೂ ಕೊಡದಿದ್ದರೆ. 4 ಕಿಲೋದ ಪುಟಾಣಿಗೆ ಒಂದೇ ಸಾಕು. ಮೊದಲ ದಿನ ಅರ್ಧ ಕೊಟ್ಟು ಹೊಟ್ಟೆ ಹೇಗಿದೆ ನೋಡಿ. ಕುಂಬಳದಲ್ಲಿ ನಾರು ಇದೆ, ಸ್ವಲ್ಪ ತಿಂದರೆ ಹೊಟ್ಟೆಗೆ ಹಿತ, ಜಾಸ್ತಿಯಾದರೆ ಭೇದಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವ ನಾಯಿಗೆ, ಹಿಂದೆ ಪ್ಯಾಂಕ್ರಿಯಾಸ್ ಊತ ಬಂದಿದ್ದ ನಾಯಿಗೆ ವೈದ್ಯರನ್ನು ಕೇಳದೆ ಕೊಡಬೇಡಿ.

ಲೆಕ್ಕ ತಪ್ಪುವುದು ನಾಯಿಯಿಂದಲ್ಲ, ಮನೆಯವರಿಂದ. ನಮ್ಮಲ್ಲಿ ಪ್ರತಿಯೊಬ್ಬರೂ “ನಾನು ಒಂದೇ ಕೊಟ್ಟಿದ್ದು” ಎನ್ನುತ್ತಾರೆ, ಗುಂಡನ ಹೊಟ್ಟೆಗೆ ಐದು ಸೇರಿರುತ್ತದೆ. ಈಗ ಬೆಳಗ್ಗೆಯೇ ಅವತ್ತಿನ ಮೂರು ಬಿಸ್ಕತ್ತನ್ನು ಒಂದು ಪುಟ್ಟ ಬಟ್ಟಲಲ್ಲಿ ತೆಗೆದಿಡುತ್ತೇನೆ. ಯಾರು ಕೊಟ್ಟರೂ ಅದರಿಂದಲೇ ಕೊಡಬೇಕು. ಬಟ್ಟಲು ಖಾಲಿಯಾದರೆ ಅವತ್ತಿಗೆ ಮುಗಿಯಿತು. ಗುಂಡ ದಿನಾ ಸಂಜೆ ಆ ಖಾಲಿ ಬಟ್ಟಲನ್ನು ಮೂಸಿ, ತಿರುಗಿ ನನ್ನನ್ನೇ ನೋಡುತ್ತಾನೆ.