ಸಿಆರ್‌ಝಡ್ ಪಾಠಕ್ಕೆ ಐದು ಗ್ರಾಂ ಉಪ್ಪು

ಉಡುಪಿಯ ಒಂದು ಪದವಿ ಕಾಲೇಜಿನಲ್ಲಿ ಪರಿಸರ ಅಧ್ಯಯನ ಕಲಿಸುತ್ತೇನೆ. ಮೊದಲ ಎರಡು ವರ್ಷ ಕಾನೂನಿನ ಅಧ್ಯಾಯವನ್ನು ಬೋರ್ಡಿನ ಮೇಲೆ ಪಟ್ಟಿ ಬರೆದೇ ಮುಗಿಸಿದ್ದೆ. ವನ್ಯಜೀವಿ ಕಾಯ್ದೆ 1972, ಜಲ ಕಾಯ್ದೆ 1974, ಅರಣ್ಯ ಸಂರಕ್ಷಣಾ ಕಾಯ್ದೆ 1980, ಹೀಗೆ. ಮಕ್ಕಳು ಇಸವಿಗಳನ್ನು ಬಾಯಿಪಾಠ ಮಾಡಿದರು. ಆದರೆ ಹೊಳೆಬದಿಯಲ್ಲೇ ಮನೆ ಇರುವ ಹುಡುಗನಿಗೆ ಕಾನೂನು ತನ್ನ ಅಂಗಳದವರೆಗೂ ಬರುತ್ತದೆ ಎಂದು ಗೊತ್ತಿರಲಿಲ್ಲ. ನನಗೆ ತುಂಬಾ ಬೇಸರವಾಯಿತು.

ಮೂರನೇ ವರ್ಷ ಒಂದೇ ನಿಯಮವನ್ನು ಹಿಡಿದುಕೊಂಡೆ. ಕರಾವಳಿ ನಿಯಂತ್ರಣ ವಲಯ, ಅಂದರೆ ನೀರಿನ ದಡದಲ್ಲಿ ಕಟ್ಟಡದಂಥ ಕೆಲಸಗಳಿಗೆ ಮಿತಿ ಹಾಕಿರುವ ಜಾಗ; ನಮ್ಮಲ್ಲಿ ಎಲ್ಲರ ಬಾಯಲ್ಲೂ ಸಿಆರ್‌ಝಡ್. ಭೋಪಾಲ್ ದುರಂತ ಆದದ್ದು 1984ರಲ್ಲಿ. ಅದಾದ ಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರ ಅಡಿಯಲ್ಲಿ 1991ರಲ್ಲಿ ಮೊದಲ ಸಿಆರ್‌ಝಡ್ ಅಧಿಸೂಚನೆ, ಮತ್ತೆ 2011 ಮತ್ತು 2019ರಲ್ಲಿ ಹೊಸದು. ಇಷ್ಟಕ್ಕೆ ಒಂದು ತರಗತಿ ಸಾಕು.

ಇದು ಕಡಲ ಬದಿಗೆ ಮಾತ್ರ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಹಾಗಲ್ಲ. ಉಬ್ಬರದ ನೀರು ಏರುವ ಹೊಳೆಯ ದಡಕ್ಕೂ ಇದೆ. ಎಲ್ಲಿಯವರೆಗೆ? ಅಧಿಸೂಚನೆಯೇ ಹೇಳುತ್ತದೆ: ವರ್ಷದ ಅತಿ ಒಣ ದಿನಗಳಲ್ಲಿ ನೀರಿನ ಉಪ್ಪಿನಂಶ ಸಾವಿರಕ್ಕೆ ಐದು ಭಾಗ ಇರುವಲ್ಲಿಯವರೆಗೆ. ಅಂದರೆ ಲೀಟರಿಗೆ ಸುಮಾರು 5 ಗ್ರಾಂ. ಆ ಸಾಲು ಓದಿದ ದಿನ ನನಗೆ ಪಾಠ ಸಿಕ್ಕಿತು.

ತರಗತಿಗೆ ಪುಡಿ ಉಪ್ಪು, ಸಣ್ಣ ತಕ್ಕಡಿ, ಒಂದು ಲೀಟರಿನ ಎರಡು ಬಾಟಲಿ ತಂದೆ. ಹರಳುಪ್ಪು ಬೇಡ, ತೇವ ಹೀರಿ ತೂಕ ತಪ್ಪುತ್ತದೆ. ಒಂದಕ್ಕೆ 35 ಗ್ರಾಂ, ಅದು ಕಡಲು. ಇನ್ನೊಂದಕ್ಕೆ 5 ಗ್ರಾಂ. ನಾಲಿಗೆಯ ತುದಿಗೆ ಒಂದೊಂದು ಹನಿ. ಎರಡನೆಯದು ಉಪ್ಪು ಹಾಕಿದ ಗಂಜಿತಿಳಿಯ ಹಾಗೆ ಇತ್ತು. ಕುಡಿಯುವ ನೀರಿನಲ್ಲಿ ಎಷ್ಟು ಲವಣ ಕರಗಿದೆ ಎಂದು ನೋಡುವ ಟಿಡಿಎಸ್ ಮೀಟರನ್ನು ಅದಕ್ಕೆ ಅದ್ದಿ, ಬಂದ ಅಂಕಿಯನ್ನು ಬರೆದುಕೊಂಡೆವು. ಅದೇ ನಮ್ಮ ಗುರುತು. ಮೀಟರ್ ಐದು ಸಾವಿರಕ್ಕಿಂತ (ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಮೇಲೆ ಓದುವಂಥದ್ದು ಬೇಕು.

ಏಪ್ರಿಲ್‌ನಲ್ಲಿ ದೋಣಿ ಮಾಡಿಕೊಂಡು ಸ್ವರ್ಣಾ ಹೊಳೆಗೆ ಹೋದೆವು, ಅಳಿವೆಯ ಕಡೆಯಿಂದ ಕಲ್ಯಾಣಪುರದ ಕಡೆಗೆ. ಮೊದಲ ಸಲ ಎರಡು ತಪ್ಪು ಮಾಡಿದೆ. ಇಳಿತದ ಹೊತ್ತಿಗೆ ಹೋದೆ, ಮೇಲಿನ ನೀರನ್ನಷ್ಟೇ ತುಂಬಿಸಿದೆ. ದೋಣಿಯವರು ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ, "ಮೇಡಂ, ಉಪ್ಪು ಇರುವುದು ಅಡಿಯಲ್ಲಿ ಮಾರಾಯ್ರೆ, ಮೇಲಿನ ನೀರು ತೆಗೆದು ಏನು ಮಾಡ್ತೀರಿ?" ಎಂದರು. ಹೌದು, ಉಪ್ಪುನೀರು ಭಾರ. ಸಿಹಿನೀರಿನ ಕೆಳಗೆ ನುಸುಳಿ ಮೇಲಕ್ಕೆ ಹೋಗುತ್ತದೆ. ಮುಂದಿನ ಹುಣ್ಣಿಮೆಗೆ, ಉಬ್ಬರ ತುಂಬಿದ ಹೊತ್ತಿಗೆ ಮತ್ತೆ ಹೋದೆವು. ಬಾಟಲಿಗೆ ಕಲ್ಲು ಕಟ್ಟಿ, ಮುಚ್ಚಳಕ್ಕೆ ಬೇರೆ ದಾರ ಕಟ್ಟಿ, ಅಡಿಯಲ್ಲಿ ಎಳೆದು ತೆರೆದೆವು. ಮೇಲಿನ ನೀರಿಗೂ ಅಡಿಯ ನೀರಿಗೂ ಇದ್ದ ವ್ಯತ್ಯಾಸ ನೋಡಿ ಮಕ್ಕಳು ಮೀಟರ್ ಹಾಳಾಗಿದೆ ಎಂದೇ ತಿಳಿದರು.

ದಡದಲ್ಲಿ ಉಬ್ಬರದ ಗೆರೆಗೆ ಗೂಟ ಹೊಡೆದು 50 ಮೀಟರ್ ಹಗ್ಗ ಎಳೆದೆವು. 2011ರಲ್ಲಿ ಹೊಳೆದಡದ ವಲಯ 100 ಮೀಟರ್ ಇತ್ತು, 2019ರಲ್ಲಿ 50. ಹೊಳೆಯ ಅಗಲ ಅದಕ್ಕಿಂತ ಕಡಿಮೆ ಇದ್ದರೆ ಆ ಅಗಲವೇ ಲೆಕ್ಕ. ಉಪ್ಪುನೀರಿನ ದಡದಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಒಂದು ಸಾವಿರ ಚದರ ಮೀಟರಿಗಿಂತ ಹೆಚ್ಚು ಹಬ್ಬಿದ್ದರೆ ಸುತ್ತ 50 ಮೀಟರ್ ಬಿಡಬೇಕು. ಖಾಸಗಿ ಜಾಗದ ಕಾಂಡ್ಲಾಕ್ಕೆ ಮಾತ್ರ 2019ರ ಅಧಿಸೂಚನೆ ಇದನ್ನು ಕೇಳುವುದಿಲ್ಲ. ಅದು ನನಗೆ ಸರಿ ಕಾಣುವುದಿಲ್ಲ. ಮೀನುಮರಿಗಳು ಬೇರಿನ ಎಡೆಯಲ್ಲಿ ಬೆಳೆಯುವುದು ಎರಡೂ ಕಡೆ ಒಂದೇ ರೀತಿ, ಅಲ್ವಾ?

ನಮ್ಮ ಗೂಟ ಕಲಿಯುವುದಕ್ಕೆ ಮಾತ್ರ. ಮನೆ ಕಟ್ಟುವವರು ಮಂಜೂರಾದ ಕರಾವಳಿ ವಲಯ ನಕ್ಷೆಯನ್ನೇ ನೋಡಬೇಕು. ಇದನ್ನು ಮಕ್ಕಳಿಗೆ ಎರಡೆರಡು ಸಲ ಹೇಳಿದೆ.

ಕೆಮ್ಮಣ್ಣಿನ ಕಡೆಯ ಒಬ್ಬ ಹುಡುಗಿ ತನ್ನ ಪುಸ್ತಕದಲ್ಲಿ ಹೀಗೆ ಬರೆದಿದ್ದಳು: ಏಪ್ರಿಲ್ ಬಂದರೆ ಅಜ್ಜಿ ಮನೆಯ ಬಾವಿ ಬಿಟ್ಟು ದೂರದ ಬಾವಿಯಿಂದ ಗಂಜಿಗೆ ನೀರು ತರುತ್ತಾರೆ, ಯಾಕೆ ಅಂತ ಈಗ ಗೊತ್ತಾಯಿತು. ಬಾವಿಯ ಉಪ್ಪು ಅಧಿಸೂಚನೆಯ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಅಜ್ಜಿ, ಈ ಸಲ ನಮ್ಮ ಬಾವಿಯನ್ನೂ ನೋಡಿ ಎಂದು ಹೇಳಿ ಕಳಿಸಿದ್ದಾರೆ. ಬರುವ ಹುಣ್ಣಿಮೆಗೆ ಮೊದಲು ಅಲ್ಲಿಗೇ ಹೋಗುತ್ತೇವೆ.