ಇಲಿಗಳಲ್ಲಿ ಯಕೃತ್ತಿನ ಕೋಶ ಕಸಿ: ನನ್ನ ಅನುಭವ

ಶಿರಸಿ ಸುತ್ತಲಿನ ಹಳ್ಳಿಗಳಲ್ಲಿ ಪಶುವೈದ್ಯನಾಗಿ ಕೆಲಸ ಮಾಡುವ ನನಗೆ, ಲಂಟಾನ ಎಂಬ ವಿಷಕಾರಿ ಪೊದೆಗಿಡದ ಸೊಪ್ಪು ತಿಂದು ಯಕೃತ್ತು ಕೆಟ್ಟ ದನಗಳು ಮೇವು ಕಡಿಮೆಯಾದ ದಿನಗಳಲ್ಲಿ ತಪ್ಪದೆ ಎದುರಾಗುತ್ತವೆ. ಕಣ್ಣು ಹಳದಿಯಾಗಿ, ಮೂಗಿನ ಚರ್ಮ ಬಿಸಿಲಿಗೆ ಬಿರಿದು, ಮೆಲುಕು ನಿಲ್ಲಿಸಿದ ಹಸುವನ್ನು ತೋರಿಸಿ, ‘ಡಾಕ್ಟ್ರೇ, ಮನುಷ್ಯರಿಗೆ ಲಿವರ್ ಬದಲಾಯಿಸುತ್ತಾರಲ್ಲ, ದನಕ್ಕೆ ಆಗುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. ಇಡೀ ಯಕೃತ್ತಿನ ಬದಲು ಅದರ ಕೋಶಗಳನ್ನಷ್ಟೇ ಕಸಿ ಮಾಡುವ ಕೆಲಸವನ್ನು ಸ್ನಾತಕೋತ್ತರ ಅಧ್ಯಯನದ ಕಾಲದಲ್ಲಿ, ನೈತಿಕ ಸಮಿತಿಯ ಅನುಮತಿ ಪಡೆದು, ಇಲಿಗಳಲ್ಲಿ ಮಾಡಿದ್ದೆ.

ಕಸಿಯ ಯಶಸ್ಸು ಬಹುಪಾಲು ಕೋಶಗಳನ್ನು ಬೇರ್ಪಡಿಸುವ ಹಂತದಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. 1969ರಲ್ಲಿ ವಿಜ್ಞಾನಿಗಳಾದ ಬೆರಿ ಮತ್ತು ಫ್ರೆಂಡ್ ತೋರಿಸಿಕೊಟ್ಟ, ಕೋಶಗಳನ್ನು ಹಿಡಿದಿಡುವ ಅಂಗಾಂಶವನ್ನು ಕರಗಿಸುವ ಕೊಲಾಜಿನೇಸ್ ಎಂಬ ಕಿಣ್ವದ ವಿಧಾನದ ಸುಧಾರಿತ ರೂಪವನ್ನೇ ನಾನು ಅನುಸರಿಸಿದೆ. ಅರಿವಳಿಕೆ ಕೊಟ್ಟ ಇಲಿಯ ಪೋರ್ಟಲ್ ರಕ್ತನಾಳಕ್ಕೆ (ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ನಾಳ) ಸಣ್ಣ ಕೊಳವೆ ಸೇರಿಸಿ, 37 ಡಿಗ್ರಿಗೆ ಬಿಸಿ ಮಾಡಿದ ಕ್ಯಾಲ್ಸಿಯಂರಹಿತ ದ್ರಾವಣವನ್ನು ಹರಿಸಿದಾಗ, ಕಡುಗೆಂಪು ಯಕೃತ್ತು ನೋಡನೋಡುತ್ತಿದ್ದಂತೆ ರಕ್ತ ಕಳೆದುಕೊಂಡು ಮಾಸಲು ಹಳದಿಗೆ ತಿರುಗುತ್ತದೆ. ಒಂದು ಹಾಲೆ ಕೆಂಪಾಗಿಯೇ ಉಳಿದರೆ ಅಲ್ಲಿಗೆ ದ್ರಾವಣ ತಲುಪಿಲ್ಲವೆಂದೇ ಅರ್ಥ. ಆ ಬಳಿಕ ಕ್ಯಾಲ್ಸಿಯಂ ಬೆರೆಸಿದ ಕೊಲಾಜಿನೇಸ್ ಹರಿಸಬೇಕು. ಹತ್ತಿಯ ಕಡ್ಡಿಯಿಂದ ಮೆಲ್ಲಗೆ ಒತ್ತಿದಾಗ ಬಿದ್ದ ಗುಳಿ ಮತ್ತೆ ಮೇಲೇಳದೆ ಉಳಿದರೆ, ಅದೇ ನಿಲ್ಲಿಸುವ ಸಮಯ. ಇನ್ನೂ ಕೆಲವು ನಿಮಿಷ ಬಿಟ್ಟರೆ ಕೋಶಗಳ ಪೊರೆಗಳೇ ಹಾಳಾಗುತ್ತವೆ. ಮುಂದೆ ತಣ್ಣನೆಯ ದ್ರಾವಣದಲ್ಲಿ ಯಕೃತ್ತಿನ ಹೊರಪೊರೆಯನ್ನು ಹರಿದು ಅಲುಗಾಡಿಸಿ, ಜಾಲರಿಯಲ್ಲಿ ಸೋಸಿ, ಸೆಂಟ್ರಿಫ್ಯೂಜನ್ನು ಬಹಳ ನಿಧಾನವಾಗಿ ತಿರುಗಿಸಿದರೆ, ಗಾತ್ರದಲ್ಲಿ ದೊಡ್ಡವಾದ ಯಕೃತ್ಕೋಶಗಳು ಮೊದಲು ತಳ ಸೇರುತ್ತವೆ. ಟ್ರಿಪಾನ್ ಬ್ಲೂ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸತ್ತವು ನೀಲಿಯಾಗಿಯೂ ಬದುಕಿರುವವು ಹೊಳೆಯುವ ದುಂಡು ಆಕಾರದಲ್ಲಿಯೂ ಕಾಣುತ್ತವೆ. ಶೇಕಡಾ 80ಕ್ಕಿಂತ ಕಡಿಮೆ ಜೀವಂತವಿದ್ದ ಕೋಶಗಳನ್ನು ನಾನು ಬಳಸಲಿಲ್ಲ.

ಸ್ವೀಕರಿಸುವ ಇಲಿಯಲ್ಲಿ ಗ್ಯಾಲಕ್ಟೋಸಮೈನ್ ಎಂಬ ರಾಸಾಯನಿಕದಿಂದ ಯಕೃತ್ತಿನ ವೈಫಲ್ಯ ಉಂಟುಮಾಡಿದ್ದೆವು. ದಾನಿಯೂ ಅದೇ ಒಳತಳಿಯದಾಗಿ (ಹತ್ತಿರದ ಸಂಬಂಧದಲ್ಲೇ ಬೆಳೆಸಿದ, ಬಹುತೇಕ ಒಂದೇ ವಂಶವಾಹಿಗಳ ತಳಿ) ಇದ್ದುದರಿಂದ ಪ್ರತಿರೋಧ ತಗ್ಗಿಸುವ ಔಷಧ ಬೇಕಾಗಲಿಲ್ಲ. ಎಡ ಪಕ್ಕೆಯಲ್ಲಿ ಸಣ್ಣ ಗಾಯ ಮಾಡಿ, ಗುಲ್ಮವನ್ನು (ಸ್ಪ್ಲೀನ್) ಗಾಯದ ಮೂಲಕ ಹೊರಗೆ ಎಳೆದು, ಅದರ ಕೆಳತುದಿಗೆ ಕೋಶಗಳನ್ನು ನಿಧಾನವಾಗಿ ಚುಚ್ಚಿ, ಅವು ಸೋರದಂತೆ ದಾರ ಬಿಗಿದೆವು. ಕೆಲವು ಕೋಶಗಳು ಅಲ್ಲೇ ನೆಲೆಸುತ್ತವೆ. ಕೆಲವು ರಕ್ತದೊಡನೆ ಯಕೃತ್ತಿಗೆ ಹೋಗುತ್ತವೆ. ಆತುರದಿಂದ ಚುಚ್ಚಿದರೆ ಪೋರ್ಟಲ್ ರಕ್ತದೊತ್ತಡ ಏರಿ ಪ್ರಾಣಿಗೇ ಅಪಾಯ. ಚುಚ್ಚಿದ ಕೋಶಗಳಲ್ಲಿ ಬಹುಪಾಲು ಮೊದಲ ದಿನವೇ ನಾಶವಾಗುವುದರಿಂದಲೂ, ಉಳಿದವು ಬೇರೂರಿ ಕೆಲಸ ಆರಂಭಿಸಲು ಸಮಯ ಬೇಕಾಗುವುದರಿಂದಲೂ, ಪ್ರಾಣಿ ಪೂರ್ತಿ ಪ್ರಜ್ಞೆ ತಪ್ಪಿದ ಮೇಲೆ ಕಸಿ ಮಾಡಿ ಪ್ರಯೋಜನವಿಲ್ಲ. ಹುಟ್ಟಿನಿಂದಲೇ ಕಾಮಾಲೆಯ ಹಳದಿ ಬಣ್ಣಕ್ಕೆ ಕಾರಣವಾದ ಬಿಲಿರುಬಿನ್ ಅನ್ನು ಸಂಸ್ಕರಿಸಲಾರದ ಗನ್ ತಳಿಯ ಇಲಿಗಳಲ್ಲಿ 1976ರಷ್ಟು ಹಿಂದೆಯೇ ಈ ಕಸಿ ಫಲ ಕೊಟ್ಟಿತ್ತು. ಅಲ್ಲಿ ಕೋಶಗಳಿಗೆ ಕಾಲಾವಕಾಶವಿತ್ತು, ತೀವ್ರ ವೈಫಲ್ಯದಲ್ಲಿ ಅದೇ ಇರುವುದಿಲ್ಲ.

ಇನ್ನು ಹಸುವಿನ ಮಾತು. ಇಲಿಯ ಯಕೃತ್ತು ಸುಮಾರು ಹತ್ತು ಗ್ರಾಂ. ಅದರ ಶೇಕಡಾ ಒಂದೆರಡರಷ್ಟು ಕೋಶಗಳೆಂದರೆ ಒಂದೆರಡು ಕೋಟಿ. ಹಸುವಿನ ಯಕೃತ್ತು ಕಿಲೋಗಳಲ್ಲಿ ತೂಗುವುದರಿಂದ ಅದೇ ಪ್ರಮಾಣಕ್ಕೆ ನೂರಾರು ಕೋಟಿ ಕೋಶಗಳು ಬೇಕು. ಅಷ್ಟನ್ನು ಹೊಂದಿಸಿದರೂ, ಲಂಟಾನದ ವಿಷ ಮೆಲುಕು ಚೀಲದಲ್ಲೇ ನಿಂತು ರಕ್ತಕ್ಕೆ ಸೇರುತ್ತಲೇ ಇರುವಾಗ ಹೊಸ ಕೋಶಗಳಿಗೂ ಅದೇ ಗತಿಯಾಗುತ್ತದೆ. ಆದ್ದರಿಂದ ನಾನು ಮೊದಲು ಹೊಟ್ಟೆಯ ಕಡೆ ನೋಡುತ್ತೇನೆ. ದೇಹತೂಕದ ಪ್ರತಿ ಕಿಲೋಗೆ 5 ಗ್ರಾಂನಂತೆ, ಅಂದರೆ 120 ಕಿಲೋ ತೂಗುವ ಮಲೆನಾಡು ಗಿಡ್ಡ ತಳಿಯ ಹಸುವಿಗೆ 600 ಗ್ರಾಂ ಸಕ್ರಿಯ ಇದ್ದಿಲ ಪುಡಿಯನ್ನು ಲವಣದ ದ್ರಾವಣದಲ್ಲಿ ಕಲಸಿ ನಳಿಗೆಯ ಮೂಲಕ ಹೊಟ್ಟೆಗೆ ಇಳಿಸುತ್ತೇನೆ; ರಕ್ತನಾಳಕ್ಕೆ ದ್ರವ ಕೊಡುತ್ತೇನೆ; ಬೇಗ ಕರೆಸಿದವರಲ್ಲಿ ಅಗತ್ಯ ಕಂಡರೆ ಚೀಲವನ್ನು ಕೊಯ್ದು ಸೊಪ್ಪನ್ನೇ ಹೊರತೆಗೆಯುತ್ತೇನೆ. ಕಾಮಾಲೆ ಇಳಿಯುವವರೆಗೆ ಹಸು ಕೊಟ್ಟಿಗೆಯ ನೆರಳಿನಲ್ಲೇ ಇರಬೇಕು, ಬೆಟ್ಟಕ್ಕೆ ಬಿಡಬಾರದು.