ಮಾಡಿಗೆ ಎಷ್ಟು ಹಂಚು? ಗೋವಾದಲ್ಲಿ ನಾನು ಲೆಕ್ಕ ಹಾಕುವ ಬಗೆ

ಮಡಗಾಂವ, ವಾಸ್ಕೋ ಕಡೆ ಮನೆ ಕಟ್ಟಿಸುವ ನಮ್ಮವರು ಮೊದಲು ನೆಲದ ಚದರಡಿ ಹೇಳಿ, ಹಂಚು ಎಷ್ಟು ಬೇಕು ಎನ್ನುತ್ತಾರೆ. ಹಾಗೆ ತರಿಸಿದರೆ ಕಡಿಮೆ ಬೀಳುತ್ತದೆ. ನಾನು ಸೂರಿನಿಂದ ಶುರು ಮಾಡುತ್ತೇನೆ.

ಮನೆ 9 ಮೀಟರ್ ಉದ್ದ, 7 ಮೀಟರ್ ಅಗಲ ಎಂದಿಟ್ಟುಕೊಳ್ಳಿ. ನೆಲ 63 ಚದರ ಮೀಟರ್. ಇಲ್ಲಿ ಮಳೆ ಗಾಳಿಯೊಂದಿಗೆ ಓರೆಯಾಗಿ ಬಡಿಯುವುದರಿಂದ ಸುತ್ತ 75 ಸೆಂಟಿಮೀಟರ್ ಸೂರು ಬಿಡುತ್ತೇನೆ, ಅಳತೆ 10.5 × 8.5 ಆಯಿತು. ಅಗಲದ ಅರ್ಧ 4.25. ಇಳಿಜಾರು 30 ಡಿಗ್ರಿಯಾದರೆ ಇದನ್ನು 1.155ರಿಂದ ಗುಣಿಸಿ: ನೆತ್ತಿಯಿಂದ ಸೂರಿಗೆ 4.9 ಮೀಟರ್. ಎರಡೂ ಮಗ್ಗುಲು ಸೇರಿ 103 ಚದರ ಮೀಟರ್. ಪಕ್ಕಾಸು (ನೆತ್ತಿಯಿಂದ ಸೂರಿಗೆ ಇಳಿಯುವ ಮರ) ಏರಿದ್ದರೆ ಗುಣಾಕಾರ ಬೇಡ, ಟೇಪು ಇಳಿಬಿಟ್ಟು ಅಳೆಯಿರಿ.

ಚದರ ಮೀಟರಿಗೆ 15 ಮಂಗಳೂರು ಹಂಚು ಎಂಬುದು ಬಜೆಟ್ಟಿಗೆ ಸಾಕು. ಆರ್ಡರ್ ಕೊಡುವ ಮುಂಚೆ ಮಾತ್ರ ಸಾಲು ಎಣಿಸಲೇಬೇಕು. ಕೊಳ್ಳುವ ಲಾಟಿನಿಂದಲೇ ಹತ್ತು ಹಂಚು ತಂದು ನೆಲದ ಮೇಲೆ ಒಂದಕ್ಕೊಂದು ಕೂಡಿಸುತ್ತೇನೆ. ಒಮ್ಮೆ ಒತ್ತಿಟ್ಟು ಅಳತೆ, ಇನ್ನೊಮ್ಮೆ ಕಚ್ಚು ಬಿಡದಷ್ಟು ಎಳೆದು ಅಳತೆ. ಎರಡರ ನಡುವಿನದು ಲೆಕ್ಕಕ್ಕೆ. 41 ಸೆಂಟಿಮೀಟರ್ ಉದ್ದದ ಹಂಚು ಸುಮಾರು 32 ಉದ್ದ, 21 ಅಗಲ ಮುಚ್ಚುತ್ತದೆ. ಆಗ 15 ಸಾಲಿಗೆ 14 × 32 + 41 = 489; ಉಳಿದ ಒಂದೆರಡು ಸೆಂಟಿಮೀಟರ್ ನೆತ್ತಿಯ ಹಂಚಿನಡಿ ಮುಚ್ಚಿಹೋಗುತ್ತದೆ. ಸಾಲಿಗೆ 50ರಂತೆ ಎರಡು ಮಗ್ಗುಲಿಗೆ 1500. ಸಾಗಾಟದಲ್ಲಿ ಒಡೆಯುವುದಕ್ಕೆ ನೂರಕ್ಕೆ 5 ಸೇರಿಸಿ, 1600 ತರಿಸುತ್ತೇನೆ. ನೆತ್ತಿಗೆ ಮೀಟರಿಗೆ ಮೂರು: 32, ಜೊತೆಗೆ ಮೂರ್ನಾಲ್ಕು ಹೆಚ್ಚು.

ನಾಲ್ಕು ಕಡೆಗೂ ಇಳಿಯುವ ಮಾಡಾದರೆ ವಿಸ್ತೀರ್ಣ ಅಷ್ಟೇ. ಆದರೆ ಒಂದೊಂದು ಮೂಲೆಯ ಏಣು 6.5 ಮೀಟರ್, ನೆತ್ತಿ ಬರೀ 2 ಮೀಟರ್. ಒಟ್ಟು 28 ಮೀಟರಿಗೆ ಕವುಚುವ ಹಂಚೇ 84 ಬೇಕು. ಏಣಿನುದ್ದಕ್ಕೂ ಹಂಚು ಕತ್ತರಿಸಬೇಕಾದ್ದರಿಂದ ಅಲ್ಲಿ ನಷ್ಟಕ್ಕೆ ನೂರಕ್ಕೆ 10 ಹಿಡಿಯಿರಿ.

ರೀಪು, ಅಂದರೆ ಹಂಚು ಕೂರುವ ಅಡ್ಡಪಟ್ಟಿ, ಸಾಲಿಗೊಂದು, ಸೂರಿನಂಚಿಗೆ ಮಾತ್ರ ಒಂದರ ಮೇಲೊಂದು ಎರಡು. ಇಲ್ಲದಿದ್ದರೆ ಮೊದಲ ಸಾಲಿಗೆ ಕೆಳಗೆ ಆಸರೆಯ ಹಂಚಿಲ್ಲದ ಕಾರಣ ಅದು ತಗ್ಗಿ ಕೂರುತ್ತದೆ. ಮಗ್ಗುಲಿಗೆ 16ರಂತೆ 32 × 10.5 = 336 ಮೀಟರ್; ತುಂಡಿನ ನಷ್ಟ ಸೇರಿಸಿ 370.

ಕೊರತೆಯಾದಾಗ ಬೇರೆ ಕಾರ್ಖಾನೆಯ ಹಂಚು ತರಿಸಬೇಡಿ. ಕಚ್ಚಿನಲ್ಲಿ 3 ಮಿಲಿಮೀಟರ್ ವ್ಯತ್ಯಾಸವಿದ್ದರೂ ಹದಿನೈದನೇ ಸಾಲಿಗೆ 4 ಸೆಂಟಿಮೀಟರ್ ದಾಟುತ್ತದೆ, ಹಂಚು ರೀಪಿಗೆ ಕೂರುವುದಿಲ್ಲ. ಹಳೆ ಮನೆ ಕೆಡವಿದ ಹಂಚಿಗೂ ಇದೇ ತೊಂದರೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಅಚ್ಚುಗಳೂ ಬೇರೆಬೇರೆ. ಹಂಚಿನ ಮೇಲಿನ ಮುದ್ರೆ ನೋಡಿ ರಾಶಿ ಬೇರ್ಪಡಿಸಿ, ಒಂದು ಮಗ್ಗುಲಿಗೆ ಒಂದೇ ಮುದ್ರೆಯದನ್ನು ಹೊದಿಸುತ್ತೇನೆ.